ಬಿಡಿಸಿದ ಮೇಲೆ ಮತ್ತೆ ರೂಲ್ಸ್ ಯಾಕೆ?

ನಾನು ಕ್ರಿಶ್ಚಿಯನ್ ಅಂತ ಗೊತ್ತಾದ್ಮೇಲೆ ಜನ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮದುವೆ ಮನೇಲಿ ಪಕ್ಕದ ಎಲೇಲಿ ಕೂತೋರು ಕೇಳಿದಾರೆ, ರೈಲಲ್ಲಿ ಎದುರು ಸೀಟಿನ ಅಂಕಲ್ ಒಬ್ರು ಕೇಳಿದಾರೆ, ಆದ್ರೆ ಎಲ್ರಿಗಿಂತ ಚೆನ್ನಾಗಿ ಕೇಳಿದ್ದು ಆಫೀಸಿನ ಫ್ರೆಂಡು, ಊಟದ ಡಬ್ಬಿ ಬಿಚ್ತಾ ಬಿಚ್ತಾ. "ಅಲ್ಲ ಕಣೋ, ನಿಮ್ಮ ದೇವ್ರು ಇಸ್ರಾಯೇಲ್ಯರನ್ನ ಗುಲಾಮಗಿರಿಯಿಂದ ಬಿಡಿಸ್ದ ಅಂತೀಯ, ಸರಿ ಒಪ್ಕೊಂಡೆ. ಮೂರನೇ ತಿಂಗಳಿಗೇ ಬೆಟ್ಟದ ಬುಡದಲ್ಲಿ ನಿಲ್ಲಿಸಿ ಅದು ಮಾಡ್ಬೇಡ ಇದು ಮಾಡ್ಬೇಡ ಅಂತ ಹತ್ತು ಆಜ್ಞೆ ಬೇರೆ. ಹಳೇ ಸಾಹುಕಾರ ಹೋಗಿ ಹೊಸ ಸಾಹುಕಾರ ಬಂದ, ಅಷ್ಟೇ ತಾನೆ?"

ಅವತ್ತು ನಾನು ಏನೋ ತೊದಲಿ ಮಾತು ಬದಲಾಯಿಸ್ದೆ. ಈಗ ಉತ್ತರ ಇದೆ, ಸ್ವಲ್ಪ ಉದ್ದ.

ಮೊದಲು ಒಂದು ತಪ್ಪೊಪ್ಪಿಗೆ. ಅವನ ಪ್ರಶ್ನೇಲಿ ಅರ್ಧ ಸತ್ಯ ಇದೆ. ಹೀಬ್ರೂನಲ್ಲಿ 'ಅವೋದಾ' ಅಂತ ಒಂದು ಪದ ಇದೆ, ಬೈಬಲ್ಲಿನ ಎರಡನೇ ಪುಸ್ತಕ ವಿಮೋಚನಕಾಂಡದ ಮೊದಲನೇ ಅಧ್ಯಾಯದಲ್ಲಿ ಐಗುಪ್ತದವರು, ಅಂದ್ರೆ ಈಜಿಪ್ಟಿನವರು, ಇಸ್ರಾಯೇಲ್ಯರ ಕೈಲಿ ಮಾಡಿಸ್ತಿದ್ದ ಬಿಟ್ಟಿ ದುಡಿತಕ್ಕೂ ಅದೇ ಪದ, ಮುಂದೆ ಹನ್ನೆರಡನೇ ಅಧ್ಯಾಯದಲ್ಲಿ ಆ ಬಿಡುಗಡೆ ನೆನೆಯೋ ಪಸ್ಕ ಹಬ್ಬದ ಆರಾಧನೆಗೂ ಅದೇ ಪದ. ಅಂದ್ರೆ ಬರೆದೋರಿಗೂ ಗೊತ್ತಿತ್ತು, ಇದು ಐಗುಪ್ತದ ರಾಜ ಫರೋಹನ ಸೇವೆಯಿಂದ ದೇವರ ಸೇವೆಗೆ ಹೋದ ಕಥೆ ಅಂತ. ಹಂಗಾದ್ರೆ ಈ ಎರಡನೇ ಯಜಮಾನ ಎಂಥೋನು, ಅದನ್ನ ನೋಡ್ಬೇಕು.

ಫರೋಹ ಎಂಥೋನು ಅಂತ ಐದನೇ ಅಧ್ಯಾಯ ಓದಿ, ಇಸ್ರಾಯೇಲ್ಯರ ಕೈಲಿ ಇಟ್ಟಿಗೆ ಮಾಡಿಸ್ತಿದ್ದ ಕಥೆ ಅದು. ಈಜಿಪ್ಟಿನ ಲಕ್ಸರ್ ಹತ್ರ ರೆಖ್ಮಿರೆ ಅನ್ನೋ ಮಂತ್ರಿಯ ಸಮಾಧಿ ಇದೆ, ಸುಮಾರು 3,400 ವರ್ಷ ಹಳೇದು, ಅದರ ಗೋಡೆ ಮೇಲೆ ಇಟ್ಟಿಗೆ ಮಾಡೋ ಚಿತ್ರ ಇದೆ. ಒಬ್ಬ ಕೊಳದಿಂದ ನೀರು ತರ್ತಾನೆ, ಒಬ್ಬ ಮಣ್ಣು ಹದ ಮಾಡ್ತಾನೆ, ಇನ್ನೊಬ್ಬ ಬಗ್ಗಿ ಮರದ ಅಚ್ಚಿಗೆ ತುಂಬಿ ನೆಲದ ಮೇಲೆ ಇಟ್ಟಿಗೆ ಸಾಲು ಬಿಡ್ತಾನೆ, ಪಕ್ಕದಲ್ಲಿ ಕೋಲು ಹಿಡ್ಕೊಂಡು ಮೇಸ್ತ್ರಿ. ಆ ಚಿತ್ರದಲ್ಲಿರೋರು ಇಸ್ರಾಯೇಲ್ಯರಲ್ಲ, ಬೇರೆ ದೇಶಗಳಿಂದ ಹಿಡ್ಕೊಂಡು ಬಂದ ಸೆರೆಯಾಳುಗಳು, ಆದ್ರೆ ಕೆಲಸ ಅದೇ. ಹಸಿ ಇಟ್ಟಿಗೆ ಬಿಸಿಲಲ್ಲಿ ಒಣಗುವಾಗ ಬಿರುಕು ಬಿಡಬಾರದು ಅಂತ ಮಣ್ಣಿಗೆ ಕತ್ತರಿಸಿದ ಹುಲ್ಲು ಬೆರೆಸ್ತಾರೆ. ಇಸ್ರಾಯೇಲ್ಯರ ಮುಂದಾಳು ಮೋಶೆ ಹೋಗಿ ಮೂರು ದಿನದ ದಾರಿ ಹೋಗಿ ಯಜ್ಞ ಮಾಡಿ ಬರ್ತೀವಿ ಬಿಡು ಅಂತ ಕೇಳ್ದಾಗ ಫರೋಹ ಏನ್ ಮಾಡ್ದ, ನಾಳೆಯಿಂದ ಹುಲ್ಲು ಕೊಡಬೇಡಿ, ಅವರೇ ಹುಡುಕ್ಕೊಂಡು ಬರ್ಲಿ, ಇಟ್ಟಿಗೆ ಲೆಕ್ಕ ಮಾತ್ರ ಒಂದೂ ಕಮ್ಮಿ ಆಗಬಾರದು ಅಂದ. ಲೆಕ್ಕ ತಪ್ಪಿದ್ದಕ್ಕೆ ಇಸ್ರಾಯೇಲ್ಯರ ಮೇಸ್ತ್ರಿಗಳಿಗೇ ಏಟು ಬಿತ್ತು. ಅವರು ಹೋಗಿ ಗೋಗರೆದ್ರೆ ಸಿಕ್ಕ ಉತ್ತರ, ನೀವು ಸೋಮಾರಿಗಳು, ಅದಕ್ಕೇ ಯಜ್ಞ ಗಿಜ್ಞ ಅಂತೀರ.

ರಜೆ ಕೇಳೋನು ಸೋಮಾರಿ. ಈ ಮಾತು ಯಾರೂ ಕೇಳಿಲ್ಲ ಅನ್ನೋ ಹಾಗೇನಿಲ್ಲ ಬಿಡಿ.

(ಇದೆಲ್ಲ ನಿಜವಾಗ್ಲೂ ನಡೀತಾ ಅಂತ ಇನ್ನೊಂದು ಪ್ರಶ್ನೆ ಬರತ್ತೆ. ಐಗುಪ್ತದ ಕಡೆಯಿಂದ ಇಸ್ರಾಯೇಲ್ ಅನ್ನೋ ಹೆಸರಿರೋ ಕಲ್ಲುಶಾಸನ ಒಂದಿದೆ, ಮೆರ್ನೆಪ್ತಾ ರಾಜಂದು, ಸುಮಾರು ಕ್ರಿ.ಪೂ. 1208ರದ್ದು, 1896ರಲ್ಲಿ ಸಿಕ್ಕಿದ್ದು. ಅದ್ರಲ್ಲಿ ಕಾನಾನ್, ಅಂದ್ರೆ ಈಗಿನ ಇಸ್ರೇಲ್-ಪ್ಯಾಲೆಸ್ಟೈನ್ ಕಡೆ ಇಂಥಾ ಒಂದು ಜನ ಇದ್ರು ಅಂತಿದೆ, ಓಡಿಬಂದ ಕಥೆ ಇಲ್ಲ. ವಿದ್ವಾಂಸರು ಇನ್ನೂ ಜಗಳ ಆಡ್ತಿದಾರೆ, ಆಡ್ಲಿ.)

ಈಗ ಬೆಟ್ಟದ ಹತ್ರ ಬರೋಣ. ನಮ್ಮ ಸಂಡೇ ಸ್ಕೂಲಲ್ಲಿ ಗೋಡೆ ಮೇಲೆ ದಶಾಜ್ಞೆಗಳ ಚಾರ್ಟ್ ಇತ್ತು, ಬಾಯಿಪಾಠ ಮಾಡಿದ್ರೆ ಪೆಪ್ಪರ್‌ಮಿಂಟು. ಆ ಚಾರ್ಟು ಶುರುವಾಗ್ತಿದ್ದದ್ದೇ 'ನಾನಲ್ಲದೆ ನಿನಗೆ ಬೇರೆ ದೇವರು ಇರಬಾರದು' ಅಂತ. ದೊಡ್ಡೋನಾದ ಮೇಲೆ ಬೈಬಲ್ ತೆಗೆದು ನೋಡ್ತೀನಿ, ಅದಕ್ಕೂ ಮುಂಚೆ ಒಂದು ವಾಕ್ಯ ಇದೆ, ಚಾರ್ಟ್ ಬರೆದೋರು ಜಾಗ ಸಾಲದೆ ಬಿಟ್ಟಿದ್ರೋ ಏನೋ. ನಿನ್ನನ್ನ ಐಗುಪ್ತದಿಂದ, ಆ ದಾಸತ್ವದ ಮನೆಯಿಂದ ಹೊರಗೆ ಕರ್ಕೊಂಡು ಬಂದ ನಿನ್ನ ದೇವರು ನಾನೇ ಅಂತ. ಅದ್ರಲ್ಲಿ ಆಜ್ಞೆ ಎಲ್ಲೂ ಇಲ್ಲ. ಯೆಹೂದ್ಯರು ಇವನ್ನ 'ಹತ್ತು ಮಾತುಗಳು' ಅಂತಾರೆ, ಅವರ ಲೆಕ್ಕದಲ್ಲಿ ಈ ವಾಕ್ಯವೇ ಮೊದಲನೇದು. ನಾವು ಪ್ರೊಟೆಸ್ಟೆಂಟರು ಒಂದು ಥರ ಎಣಿಸ್ತೀವಿ, ಕ್ಯಾಥೊಲಿಕರೂ ಲೂಥರನ್ನರೂ ಇನ್ನೊಂದು ಥರ, ಆದ್ರೆ ಎಣಿಕೇಲಿ ಯೆಹೂದ್ಯರೇ ಗೆದ್ರು ಅಂತ ನನಗನಿಸತ್ತೆ.

ಯಾಕಂದ್ರೆ ಆ ವಾಕ್ಯ ಬಿಟ್ಟು ಓದಿದ್ರೆ ಫ್ರೆಂಡು ಹೇಳಿದ್ದೇ ಸರಿ, ಬರೀ ರೂಲ್ಸ್. ಅದನ್ನ ಸೇರಿಸ್ಕೊಂಡು ಓದಿದ್ರೆ ಯಾವ್ದು ಮೊದಲು ಯಾವ್ದು ಆಮೇಲೆ ಅಂತ ಕಾಣತ್ತೆ. ಆಜ್ಞೆ ಪಾಲಿಸಿದ್ದಕ್ಕೆ ಬಿಡುಗಡೆ ಆಗ್ಲಿಲ್ಲ, ಇನ್ನೂ ಇಟ್ಟಿಗೆ ಹೊಡೀತಾ ಕೂಗ್ತಿದ್ದಾಗ್ಲೇ ಆ ಕೂಗು ಕೇಳಿಸ್ತು ಅಂತ ದೇವರು ಉರಿಯೋ ಪೊದೆಯಿಂದ ಮೋಶೆಗೆ ಹೇಳಿದ್ರು, ಸಮುದ್ರ ದಾಟಿದ ಮೇಲೇನೇ ಕಲ್ಲಿನ ಹಲಗೆ. ಮೊದಲು ಪರೀಕ್ಷೆ ಇಟ್ಟಿದ್ರೆ ಒಬ್ಬನೂ ಪಾಸಾಗ್ತಿರಲಿಲ್ಲ, ಮೋಶೆ ಬೆಟ್ಟ ಹತ್ತಿ ಇಳಿಯೋ ನಲವತ್ತು ದಿನದೊಳಗೆ ಬಂಗಾರದ ಕರು ಮಾಡ್ಕೊಂಡು ಕುಣೀತಿದ್ದ ಜನ ಅದು.

ನನ್ನ ಬಾಯಿ ಮುಚ್ಚಿಸಿದ್ದು ಸಬ್ಬತ್ತಿನ, ಅಂದ್ರೆ ವಾರಕ್ಕೊಂದು ದಿನ ಕೆಲಸ ಬಿಡೋ, ಆಜ್ಞೆ. ಅದು ಎರಡು ಕಡೆ ಬರತ್ತೆ, ಕಾರಣ ಮಾತ್ರ ಬೇರೆ ಬೇರೆ. ವಿಮೋಚನಕಾಂಡದಲ್ಲಿ, ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ವಿಶ್ರಮಿಸಿದ್ರು ಅಂತ. ಬೈಬಲ್ಲಿನ ಐದನೇ ಪುಸ್ತಕ ಧರ್ಮೋಪದೇಶಕಾಂಡದ ಐದನೇ ಅಧ್ಯಾಯದಲ್ಲಿ, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ನೆನಪಿಟ್ಕೋ ಅಂತ. ರಜೆ ಯಾರಿಗೆ ಅನ್ನೋ ಪಟ್ಟಿ ನೋಡಿ, ಮಗ ಮಗಳು, ದಾಸ ದಾಸಿ, ಎತ್ತು, ಕತ್ತೆ, ಊರಲ್ಲಿರೋ ಪರದೇಶಿ. ಮೂರು ದಿನ ಕೇಳಿದ್ದಕ್ಕೆ ಹುಲ್ಲು ಕಿತ್ಕೊಂಡ ಯಜಮಾನ ಅವನು, ಕೇಳದೇನೇ ವಾರವಾರ ಕತ್ತೆಗೂ ರಜೆ ಕೊಟ್ಟ ಯಜಮಾನ ಇವರು. ಬೆಟ್ಟಕ್ಕೆ ಬರೋ ಮುಂಚೇನೇ ಈ ಪಾಠ ಶುರುವಾಗಿತ್ತು, ಮರಳುಗಾಡಲ್ಲಿ ದೇವರು ದಿನಾ ಕೊಡ್ತಿದ್ದ ಆಹಾರ, ಮನ್ನ, ಆರನೇ ದಿನ ಎರಡರಷ್ಟು ಸಿಗ್ತಿತ್ತು, ಆದ್ರೂ ಕೆಲವರು ಏಳನೇ ದಿನ ಪುಟ್ಟಿ ಹಿಡ್ಕೊಂಡು ಹೊರಟ್ರು, ಏನೂ ಸಿಗ್ಲಿಲ್ಲ. ಪಾಪ, ತಲೆತಲಾಂತರದಿಂದ ರಜೆ ಅನ್ನೋದೇ ಗೊತ್ತಿಲ್ಲದ ಜನ, ಮನೇಲಿ ಹೆಂಗ್ ಕೂತ್ಕೋತಾರೆ?

ಪಟ್ಟೀಲಿ ದಾಸ ದಾಸಿ ಅಂತ ಇದೆಯಲ್ಲ ಅಂತ ನೀವು ಕೇಳ್ತೀರ, ಫ್ರೆಂಡೂ ಕೇಳ್ದ. ಹೌದು, ಇದೆ. ವಿಮೋಚನಕಾಂಡದಲ್ಲಿ ದಶಾಜ್ಞೆ ಮುಗಿದ ಮುಂದಿನ ಅಧ್ಯಾಯದಲ್ಲೇ ದಾಸರನ್ನ ಕೊಳ್ಳೋದರ ಬಗ್ಗೆ ಕಾನೂನಿದೆ, ಏಳನೇ ವರ್ಷ ಬಿಟ್ಟುಬಿಡಬೇಕು ಅಂತಿದ್ರೂ ನನಗೆ ಅದು ಗಂಟಲಲ್ಲಿ ಇಳಿಯಲ್ಲ. ಬಣ್ಣ ಹಚ್ಚಿ ಹೇಳೋಕೆ ನಾನು ಹೋಗಲ್ಲ. ಓಡಿಬಂದ ದಾಸನನ್ನ ಅವನ ಯಜಮಾನನಿಗೆ ಹಿಡಿದುಕೊಡಬೇಡ, ಕೂಲಿಯವನ ಕೂಲಿ ಸೂರ್ಯ ಮುಳುಗೋದರೊಳಗೆ ಕೊಡು ಅಂತಾನೂ ಅದೇ ಕಾನೂನಲ್ಲಿ ಇದೆ ಅನ್ನೋದನ್ನೂ ಪಕ್ಕದಲ್ಲಿಟ್ಕೊಂಡು ಓದ್ತೀನಿ.

ಕ್ರೈಸ್ತನಾಗಿ ನಾನು ಇದನ್ನೆಲ್ಲ ಯೇಸುವಿನ ಹಿಂದೆ ನಿಂತು ಓದೋನು. ಲೂಕ ಬರೆದ ಸುವಾರ್ತೆಯ ಹದಿಮೂರನೇ ಅಧ್ಯಾಯದಲ್ಲಿ ಯೇಸು 18 ವರ್ಷದಿಂದ ಗೂನು ಬೆನ್ನಿನ ಹೆಂಗಸನ್ನ ಸಬ್ಬತ್ ದಿನಾನೇ ವಾಸಿ ಮಾಡ್ತಾರೆ, ಯೆಹೂದ್ಯರ ಸಭಾಮಂದಿರದ ಅಧಿಕಾರಿ ಬೇರೆ ಆರು ದಿನ ಇರ್ಲಿಲ್ವಾ ಅಂತ ಸಿಡುಕ್ತಾನೆ. ಯೇಸು ಕೇಳಿದ್ದು, ಸಬ್ಬತ್ ದಿನ ನೀವು ಎತ್ತು ಕತ್ತೆ ಬಿಚ್ಚಿ ನೀರಿಗೆ ಹೊಡ್ಕೊಂಡು ಹೋಗ್ತೀರಲ್ಲ, ಕಟ್ಟಿಹಾಕಿದ್ದ ಇವಳನ್ನ ಬಿಚ್ಚಬಾರದಾ ಅಂತ. ನೋಡಿ, ಅದೇ ಎತ್ತು, ಅದೇ ಕತ್ತೆ. ಆಜ್ಞೆಯ ಮೊದಲನೇ ವಾಕ್ಯ ಆ ಅಧಿಕಾರಿಗೂ ಮರ್ತುಹೋಗಿತ್ತು.

ಮರ್ತಿದ್ದು ಅವನೊಬ್ಬನೇ ಅಲ್ಲ. ನಮ್ಮನೇಲಿ ಭಾನುವಾರ ಬೆಳಗ್ಗೆ ಚರ್ಚು, ಮಧ್ಯಾಹ್ನ ನೆಂಟರು, ಬಿರಿಯಾನಿ, ಆಮೇಲೆ ಎಲ್ರೂ ಗೊರಕೆ. ಕೆಲಸಕ್ಕೆ ಬರೋ ಅಕ್ಕ ಭಾನುವಾರಾನೂ ಬರ್ತಿದ್ರು, ಬೇರೆ ದಿನಕ್ಕಿಂತ ಎರಡರಷ್ಟು ಪಾತ್ರೆ ಬೇರೆ. ವರ್ಷಗಟ್ಟಲೆ ಹಂಗೇ ನಡೀತು, ಒಂದು ದಿನ ಫ್ರೆಂಡು ಊಟಕ್ಕೆ ಬಂದೋನು ಸಿಂಕ್ ಕಡೆ ನೋಡಿ "ಇವರಿಗೆ ಯಾವತ್ತೋ ಸಬ್ಬತ್ತು?" ಅಂದ. ತಮಾಷೆಗೇ ಅಂದಿದ್ದು. ನನಗೆ ತುತ್ತು ಇಳೀಲಿಲ್ಲ.

ಈಗ ಭಾನುವಾರ ಅಕ್ಕನಿಗೆ ರಜೆ, ಸಂಬಳ ಹಿಡಿಯಲ್ಲ. ಬಿರಿಯಾನಿ ಪಾತ್ರೆ ತಳ ನಾನೇ ತಿಕ್ಕೋದು, ಅವನು ಬಂದ ದಿನ ಅವನ ಕೈಗೂ ಒಂದು ಸ್ಕ್ರಬ್ಬರ್ ಕೊಡ್ತೀನಿ.