ಪ್ರವೇಶ ವಹಿಯಿಂದ ಹೊರಬಿದ್ದ ನಂಬರು

ಗುಳೇದಗುಡ್ಡದಿಂದ ಬಂದಿದ್ದ ಆ ತಂದೆ ನಮ್ಮ ಕಾಲೇಜು ಕಚೇರಿಯ ಕಿಟಕಿಯ ಮುಂದೆ ನಿಂತು, ಅಂಗಿಯ ಜೇಬಿನಿಂದ ಫೋನು ತೆಗೆದು, ಹಿಂದಿನ ದಿನ ಬಂದಿದ್ದ ಒಂಬತ್ತು ಕರೆಗಳನ್ನು ಒಂದೊಂದಾಗಿ ನನಗೆ ತೋರಿಸಿದರು. ಖಣ ನೇಯುವ ಮಗ್ಗದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದವರು. ಬೆರಳ ತುದಿಯಲ್ಲಿ ನೂಲಿನ ಬಣ್ಣ ಇನ್ನೂ ಉಳಿದಿತ್ತು. "ಸರ್ರ, ಸಾಲ ತಗೋರಿ ಅಂತಾರ, ಬ್ಯಾಡ ಅಂದ್ರ ಮತ್ತ ಮಾಡ್ತಾರ. ಅದು ಹೋಗ್ಲಿ, ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ಮಾರ್ಕ್ಸು, ನಮ್ಮ ಮನಿ ಉತ್ಪನ್ನ, ಇವೆಲ್ಲಾ ಅವರಿಗೆ ಹೆಂಗ ಗೊತ್ತಾತ್ರಿ?" ಎಂದು ಕೇಳಿದರು.

ಉತ್ತರ ನನಗೆ ಗೊತ್ತಿತ್ತು. ಬಾಗಲಕೋಟೆಯ ಒಂದು ಅನುದಾನಿತ ಕಾಲೇಜಿನಲ್ಲಿ ನಾನು ಆಗ ಕಚೇರಿ ಅಧೀಕ್ಷಕನಾಗಿದ್ದೆ. ಅದಕ್ಕೆ ಎರಡು ವಾರ ಮೊದಲು, ಶೈಕ್ಷಣಿಕ ಸಾಲದ ಬಗ್ಗೆ ಮಕ್ಕಳಿಗೆ ತಿಳಿವಳಿಕೆ ಕೊಡುವುದಾಗಿ ಹೇಳಿಕೊಂಡು ಒಬ್ಬ ತರುಣ ಬಂದಿದ್ದ. ಮಾತು ನಯವಾಗಿತ್ತು, ಕೈಯಲ್ಲಿ ಫೈಲಿತ್ತು. ದ್ವಿತೀಯ ಪಿಯುಸಿ ವಿಜ್ಞಾನದ ಮಕ್ಕಳ ಪಟ್ಟಿ ಸಿಕ್ಕರೆ ಅನುಕೂಲವಾಗುತ್ತದೆ ಎಂದ. ಬಡ ಮಕ್ಕಳಿಗೆ ಒಳ್ಳೆಯದಾಗುವುದಾದರೆ ಆಗಲಿ ಎಂದುಕೊಂಡು, ಹೆಸರು, ತಂದೆಯ ಹೆಸರು, ಮೊಬೈಲ್ ನಂಬರು, ಅಂಕ, ಪ್ರವರ್ಗ, ವಾರ್ಷಿಕ ಆದಾಯ ಎಲ್ಲವೂ ಇದ್ದ ಎಕ್ಸೆಲ್ ಹಾಳೆಯನ್ನು ನಾನೇ ಅವನ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಐದು ನಿಮಿಷದ ಕೆಲಸ. ಪತ್ರವಿಲ್ಲ, ಪ್ರಾಚಾರ್ಯರ ಆದೇಶವಿಲ್ಲ, ಕಚೇರಿಯಿಂದ ಹೊರಹೋಗುವ ಕಾಗದಗಳ ಲೆಕ್ಕ ಬರೆಯುವ ಜಾವಕ ವಹಿಯಲ್ಲಿ ಒಂದು ಸಾಲಿನ ನಮೂದೂ ಇಲ್ಲ. ಆ ತಂದೆಗೆ ನಾನು ಅಂದೇ ನಿಜ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಹೋಗಿಬಿಟ್ಟರು. ನಿವೃತ್ತನಾದ ಮೇಲೂ ಆ ಮೌನ ನನ್ನ ಜೊತೆಗಿದೆ, ಮತ್ತು ಈ ಬರಹಕ್ಕೆ ಅದೇ ಕಾರಣ.

ನಮ್ಮ ಬಾಗಲಕೋಟೆಯವರಿಗೆ ಕಾಗದದ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಮನೆ ಬಿಟ್ಟು ನವನಗರಕ್ಕೆ ಬಂದವರು ನಿವೇಶನದ ಹಕ್ಕುಪತ್ರವನ್ನು ಇಂದಿಗೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಡುತ್ತಾರೆ. ಗುರುತಿಲ್ಲದವರ ಕೈಗೆ ಅದನ್ನು ಕೊಡುವ ಮಾತೇ ಇಲ್ಲ. ಅದೇ ಮನೆಯವರು ಮಗಳ ಪ್ರವೇಶದ ಅರ್ಜಿಯಲ್ಲಿ ಜಾತಿ, ಆದಾಯ, ಆಧಾರ್, ಬ್ಯಾಂಕ್ ಖಾತೆ, ಶಾಲೆಯಿಂದ ಪ್ರತಿ ವಿದ್ಯಾರ್ಥಿಗೂ ಬರುವ ಎಸ್‌ಎಟಿಎಸ್ ಗುರುತಿನ ಸಂಖ್ಯೆ ಎಲ್ಲವನ್ನೂ ಬರೆದು ನಮ್ಮ ಕೈಗಿಡುತ್ತಾರೆ, ಏಕೆಂದರೆ ಕಾಲೇಜನ್ನು ಅವರು ನಂಬುತ್ತಾರೆ. ಆ ಅರ್ಜಿ ಪ್ರವೇಶಕ್ಕಾಗಿ ಕೊಟ್ಟಿದ್ದು, ಸಾಲದ ಗಿರಾಕಿ ಹುಡುಕುವವರಿಗಾಗಿ ಅಲ್ಲ ಎಂಬ ಸರಳ ಮಾತು ಅಂದು ನನಗೆ ಹೊಳೆಯಲಿಲ್ಲ.

ಕಾನೂನು ಹೇಳುವುದೂ ಇದನ್ನೇ. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಬ್ಬರ ಮಾಹಿತಿಯನ್ನು ಒಪ್ಪಿಗೆಯ ಮೇಲೆ ಪಡೆಯುವವರು ಯಾವ ಉದ್ದೇಶಕ್ಕೆ ಪಡೆಯುತ್ತಿದ್ದೇವೆ ಎಂಬುದನ್ನು ಮೊದಲೇ ತಿಳಿಸಬೇಕು, ಆ ಉದ್ದೇಶಕ್ಕೆ ಬೇಕಾದಷ್ಟನ್ನೇ ಪಡೆಯಬೇಕು, ಮತ್ತು ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ದಾರಿ ಇಟ್ಟಿರಬೇಕು. ಹದಿನೆಂಟು ತುಂಬದವರ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು. ಪಿಯುಸಿಯ ಮಕ್ಕಳಲ್ಲಿ ಬಹುಪಾಲು ಈ ವಯಸ್ಸಿನವರೇ. ಕಾಯ್ದೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಇನ್ನೊಂದು ಅಂಶವೆಂದರೆ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು ಎಂಬುದು. ಅಂದರೆ ಗುಳೇದಗುಡ್ಡದ ನೇಕಾರರು ಅದನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿದರೆ ಅದು ಉಪಕಾರ ಬೇಡಿದಂತಲ್ಲ. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಆದರೆ ಮಕ್ಕಳ ಪಟ್ಟಿಯನ್ನು ಹೊರಗಿನವರಿಗೆ ಕೊಡದಿರಲು ಆ ಅವಧಿ ಮುಗಿಯುವವರೆಗೆ ಕಾಯುವ ಅಗತ್ಯ ಯಾವ ಕಾಲೇಜಿಗೂ ಇಲ್ಲ.

ಮಾಹಿತಿಯನ್ನು ಯಾರಿಗೂ ಕೊಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಸಾಲ ಕೊಟ್ಟ ಬ್ಯಾಂಕು ವ್ಯಾಸಂಗ ಪ್ರಮಾಣಪತ್ರ, ಶುಲ್ಕದ ವಿವರ, ವರ್ಷವರ್ಷದ ಫಲಿತಾಂಶ ಕೇಳುವುದು ನ್ಯಾಯವಾದದ್ದೇ. ಮುಂದಿನ ವರ್ಷದ ಕಂತನ್ನು ಅದನ್ನು ನೋಡಿಯೇ ಬಿಡುಗಡೆ ಮಾಡಬೇಕಾಗುತ್ತದೆ. ಅದಕ್ಕೆ ವಿದ್ಯಾರ್ಥಿ ಸಾಲದ ಕರಾರಿನಲ್ಲಿ ಸಹಿ ಮಾಡಿರುತ್ತಾನೆ. ಆದ್ದರಿಂದ ಶಾಖೆಯ ಲೆಟರ್‌ಹೆಡ್ಡಿನಲ್ಲಿ ಒಬ್ಬ ವಿದ್ಯಾರ್ಥಿಯ ಹೆಸರು ಹೇಳಿ, ಅವನ ಒಪ್ಪಿಗೆಯ ಪ್ರತಿ ಲಗತ್ತಿಸಿ ಪತ್ರ ಬರೆದರೆ, ಅವನೊಬ್ಬನ ಮಾಹಿತಿಯನ್ನು, ಕೇಳಿದಷ್ಟನ್ನು ಮಾತ್ರ ಕೊಡಬಹುದು. ಇಡೀ ತರಗತಿಯ ಪಟ್ಟಿ ಬೇರೆ ಮಾತು.

ಮೂಲ ಅಂಕಪಟ್ಟಿಗಳ ವಿಷಯದಲ್ಲಿ ನಮ್ಮ ಭಾಗದ ಮಕ್ಕಳು ಪಡುವ ಪಾಡು ಇದಕ್ಕಿಂತ ಹೆಚ್ಚಿನದು. ಒಬ್ಬ ಹಳೆಯ ವಿದ್ಯಾರ್ಥಿ, ಬೀಳಗಿ ಕಡೆಯವನು, ಎರಡನೆಯ ಪ್ರತಿ ಬೇಕೆಂದು ಬಂದ. ಕಾರಣ ಕೇಳಿದರೆ, ಸಾಲ ಕೊಟ್ಟ ಒಂದು ಖಾಸಗಿ ಸಂಸ್ಥೆಯವರು ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳನ್ನು ಒತ್ತೆಯ ಹಾಗೆ ಇಟ್ಟುಕೊಂಡಿದ್ದಾರೆ, ಕಂತು ತೀರಿಸದೆ ಕೊಡುವುದಿಲ್ಲವೆನ್ನುತ್ತಾರೆ ಎಂದ. ಅವನಿಗೆ ಕೆಲಸದ ಸಂದರ್ಶನ ಇತ್ತು; ಮೂಲ ಪ್ರತಿ ಇಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಕಂತಿಲ್ಲ. ಬಂಗಾರವನ್ನು ಒತ್ತೆಯಿಟ್ಟರೆ ಹರಾಜು ಹಾಕಿ ಹಣ ಪಡೆಯಬಹುದು. ಹುಡುಗನ ಅಂಕಪಟ್ಟಿಯನ್ನು ಯಾರು ಕೊಳ್ಳುತ್ತಾರೆ? ಶೈಕ್ಷಣಿಕ ಪ್ರಮಾಣಪತ್ರಗಳು ಮಾರುಕಟ್ಟೆಯ ಸರಕಲ್ಲ, ಅವುಗಳ ಮೇಲೆ ಬಾಕಿಗಾಗಿ ಹಿಡಿತ ಸಾಧಿಸಲಾಗದು ಎಂದು ಮದ್ರಾಸ್ ಹೈಕೋರ್ಟು ಹೇಳಿದೆ. ಕಾಲೇಜುಗಳೂ ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಅಲ್ಲಿಯೇ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರ ಅಕ್ಟೋಬರ್‌ನಲ್ಲಿಯೇ ಸೂಚಿಸಿದೆ. ನಾವು ಒಂದು ಪತ್ರ ಬರೆದುಕೊಟ್ಟೆವು. ಅದನ್ನು ಹಿಡಿದುಕೊಂಡು ಹೋದ ಮೇಲೆ ಅಂಕಪಟ್ಟಿಗಳು ವಾಪಸು ಬಂದವು. ಮಡಚಿದ ಗೆರೆಯ ಮೇಲೆ ಹರಿದಿದ್ದನ್ನು ಅವನು ಸೆಲೋಟೇಪು ಹಚ್ಚಿ ಲ್ಯಾಮಿನೇಟು ಮಾಡಿಸಲು ಹೊರಟಿದ್ದ. ಅದನ್ನು ಮಾತ್ರ ಬೇಡವೆಂದು ತಡೆದೆ. ಸರ್ಕಾರದ ಆನ್‌ಲೈನ್ ದಾಖಲೆ ಪೆಟ್ಟಿಗೆಯಾದ ಡಿಜಿಲಾಕರ್‌ನಲ್ಲಿ ಪರೀಕ್ಷಾ ಮಂಡಳಿಯೇ ಬಿಡುಗಡೆ ಮಾಡಿದ ಅಂಕಪಟ್ಟಿಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಬೆಲೆ ಇದೆ ಎಂಬುದು ಇವತ್ತಿಗೂ ಎಷ್ಟೋ ಮನೆಗಳಿಗೆ ತಿಳಿದಿಲ್ಲ.

ಒತ್ತೆಯ ಮಾತು ಬಂದಿದ್ದರಿಂದ ಒಂದು ಲೆಕ್ಕ ಹೇಳಬೇಕು. ಬ್ಯಾಂಕುಗಳು ಪಾಲಿಸುವ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿಯವರೆಗಿನ ಶೈಕ್ಷಣಿಕ ಸಾಲಕ್ಕೆ ತಂದೆ ಅಥವಾ ತಾಯಿ ಸಹ-ಸಾಲಗಾರರಾದರೆ ಸಾಕು. ಆಸ್ತಿಯ ಆಧಾರ ಕೇಳಬಾರದೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಕೇಂದ್ರದ ಸಾಲ ಖಾತರಿ ನಿಧಿಯ ವ್ಯಾಪ್ತಿಗೆ ತಂದರೆ ಏಳೂವರೆ ಲಕ್ಷದವರೆಗೂ ಆಸ್ತಿ ಅಡವು ಬೇಡ, ಮೂರನೆಯವರ ಜಾಮೀನೂ ಬೇಡ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ಓದಿಗೆ ಸಾಲ ಕೊಡುವ ಅರಿವು ಯೋಜನೆಯಲ್ಲಿ ಬಡ್ಡಿ ಕೇವಲ ಶೇ 2. ಇಷ್ಟು ಗೊತ್ತಿದ್ದರೆ ಟ್ರಂಕಿನ ತಳದ ಹಕ್ಕುಪತ್ರ ಸುಮ್ಮಸುಮ್ಮನೆ ಹೊರಗೆ ಬರುವುದಿಲ್ಲ. ಒಂದು ವೇಳೆ ದೊಡ್ಡ ಸಾಲಕ್ಕೆ ಆಸ್ತಿ ಪತ್ರ ಕೊಟ್ಟಿದ್ದರೂ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಅದನ್ನು ಹಿಂದಿರುಗಿಸಬೇಕು; ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ನಡೆದುಬಂದಿದೆ.

ಈಗಿನ ಮಕ್ಕಳು ಕಿಟಕಿಯ ಮುಂದೆ ನಿಲ್ಲುವುದಕ್ಕಿಂತ ಹೆಚ್ಚಾಗಿ ಆ್ಯಪ್‌ಗಳ ಮುಂದೆ ನಿಲ್ಲುತ್ತಾರೆ. ಹೋದ ವರ್ಷ ನಮ್ಮ ಓಣಿಯ ಒಬ್ಬ ಬಿಎಸ್ಸಿ ಹುಡುಗಿ ಪರೀಕ್ಷಾ ಶುಲ್ಕಕ್ಕಾಗಿ ಒಂದು ಸಾಲದ ಆ್ಯಪ್ ಹಾಕಿಕೊಂಡು, ಮುಂದೇನು ಒತ್ತಬೇಕೆಂದು ಕೇಳಲು ನಮ್ಮ ಕಟ್ಟೆಗೆ ಬಂದಳು. ಪರದೆಯ ಮೇಲೆ ಮೊದಲು ಬಂದದ್ದು ಕಾಂಟ್ಯಾಕ್ಟ್‌ಗಳಿಗೆ ಅನುಮತಿ ಕೊಡಿ ಎಂಬ ಸಾಲು. ಅದರಲ್ಲಿ ಅವಳ ಅಮ್ಮ, ಚಿಕ್ಕಪ್ಪ, ಹಾಸ್ಟೆಲಿನ ಗೆಳತಿಯರು, ಪ್ರಾಚಾರ್ಯರು, ನಾನು, ಎಲ್ಲರೂ ಇದ್ದೆವು. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ, ಫೋಟೊ ಮತ್ತು ಕಡತಗಳನ್ನು ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಕಟ್ಟುನಿಟ್ಟಾಗಿ ಹೇಳಿದೆ. ಗುರುತು ಪರಿಶೀಲನೆಗೆ ಒಮ್ಮೆ ಕ್ಯಾಮೆರಾ, ಮೈಕ್ ಅಥವಾ ಸ್ಥಳದ ಮಾಹಿತಿಯನ್ನು ಸ್ಪಷ್ಟ ಒಪ್ಪಿಗೆಯ ಮೇಲೆ ಬಳಸಬಹುದು, ಅಷ್ಟೇ. ನಿಯಮಕ್ಕೆ ಒಳಪಟ್ಟ ಸಂಸ್ಥೆ ಕೇಳಬಾರದ್ದನ್ನು ಒಂದು ಆ್ಯಪ್ ಕೇಳುತ್ತಿದೆ ಎಂದರೆ ಅದರ ಹಿಂದೆ ಯಾರಿದ್ದಾರೆ ಎಂಬ ಸಂಶಯ ಬರಲೇಬೇಕು. ಅವಳು ಅದನ್ನು ಅಳಿಸಿದಳು. ಶುಲ್ಕದ ಹಣ ಬೇರೆ ಕಡೆಯಿಂದ ಹೊಂದಿತು.

ಇನ್ನು ಕ್ರೆಡಿಟ್ ವರದಿ, ಅಂದರೆ ಯಾರು ಎಷ್ಟು ಸಾಲ ಪಡೆದು ಹೇಗೆ ತೀರಿಸುತ್ತಿದ್ದಾರೆ ಎಂಬುದರ ದಾಖಲೆ. ಅಂಕಪಟ್ಟಿಯ ಹಾಗೆಯೇ ಇದೂ ವಿದ್ಯಾರ್ಥಿಯ ಬೆನ್ನಿಗೆ ಬರುವ ದಾಖಲೆ. ಆದರೆ ಅಂಕಪಟ್ಟಿಯನ್ನು ಗೋಡೆಗೆ ತೂಗುಹಾಕುವವರು ಇದನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ. ನನ್ನ ತಂಗಿಯ ಮಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಕೆಲಸ ಹಿಡಿದು, ಬೈಕಿನ ಸಾಲಕ್ಕೆ ಅರ್ಜಿ ಹಾಕಿದಾಗ ಅದು ತಿರಸ್ಕೃತವಾಯಿತು. ವರದಿ ತರಿಸಿ ನೋಡಿದರೆ, ಓದಿನ ಸಾಲದ ಎದುರು ತಿಂಗಳುಗಳ ಚೌಕದಲ್ಲಿ ಮೊದಲು ಸೊನ್ನೆಗಳಿದ್ದು, ಆಮೇಲೆ 30, 60, 90 ಎಂದು ಬಾಕಿಯ ದಿನಗಳು ಏರುತ್ತ ಹೋಗಿದ್ದವು. ಅವನು ಒಂದು ಕಂತನ್ನೂ ತಪ್ಪಿಸಿರಲಿಲ್ಲ, ಏಕೆಂದರೆ ಕಂತು ಇನ್ನೂ ಆರಂಭವೇ ಆಗಿರಲಿಲ್ಲ. ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿನ ಕುಟುಂಬಗಳಿಗೆ ಓದಿನ ಅವಧಿಯ ಹಾಗೂ ಆನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಿಂದ ಇದೆ. ಆ ಬಡ್ಡಿಯ ಹಣ ಅವನ ಖಾತೆಗೆ ಸೇರದೆ ಉಳಿದು, ಶಾಖೆಯವರು ಅದನ್ನು ಅವನ ಬಾಕಿಯೆಂದೇ ವರದಿ ಮಾಡಿದ್ದರು. ಸಹ-ಸಾಲಗಾರನಾದ ಅವನ ತಂದೆಯ ವರದಿಯಲ್ಲೂ ಅದೇ ಅಂಕಿಗಳು ಬಿದ್ದಿದ್ದವು.

ದೇಶದಲ್ಲಿರುವ ನಾಲ್ಕು ಕ್ರೆಡಿಟ್ ಮಾಹಿತಿ ಸಂಸ್ಥೆಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ತಪ್ಪಿದೆ ಎಂದು ದೂರು ಕೊಟ್ಟರೆ 30 ದಿನದಲ್ಲಿ ಇತ್ಯರ್ಥವಾಗಬೇಕು. ಆಗದಿದ್ದರೆ, 2024ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ, ದಿನಕ್ಕೆ 100 ರೂಪಾಯಿ ಪರಿಹಾರ. ನಾವು ಖಾತೆಯ ವಿವರ, ಆದಾಯ ಪ್ರಮಾಣಪತ್ರ, ಮಂಜೂರಾತಿ ಪತ್ರ ಜೋಡಿಸಿ ದೂರು ಸಲ್ಲಿಸಿದೆವು. ತಿಂಗಳು ತುಂಬುವ ಮೊದಲೇ ಅಂಕಿಗಳು ಮತ್ತೆ ಸೊನ್ನೆಯಾದವು. ಕ್ರೆಡಿಟ್ ಅಂಕ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಗೆ ಓದಿನ ಸಾಲ ನಿರಾಕರಿಸಬಾರದೆಂದು ಕೇರಳ ಹೈಕೋರ್ಟು 2023ರಲ್ಲಿ ಹೇಳಿದ್ದೂ ಇದೆ. ಬೇರೆ ರಾಜ್ಯದ ತೀರ್ಪಾದ್ದರಿಂದ ನಮ್ಮ ಶಾಖೆಗಳನ್ನು ಅದು ನೇರವಾಗಿ ಕಟ್ಟಿಹಾಕುವುದಿಲ್ಲ. ಆದರೂ ತಿರಸ್ಕಾರದ ಪತ್ರಕ್ಕೆ ಉತ್ತರ ಬರೆಯುವಾಗ ಅದನ್ನು ಉಲ್ಲೇಖಿಸುವುದು ಒಳ್ಳೆಯದು.

ಕಂತು ನಿಜವಾಗಿಯೇ ತಪ್ಪಿದವರ ವಿಚಾರದಲ್ಲೂ ಖಾಸಗಿತನ ಮುಗಿದುಹೋಗುವುದಿಲ್ಲ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು. ಸಾಲಗಾರನನ್ನು ನಾಲ್ಕು ಜನರ ಮುಂದೆ ಅವಮಾನಿಸಬಾರದು, ಅವನ ಮನೆಯವರ, ಗೆಳೆಯರ ಖಾಸಗಿತನಕ್ಕೆ ಕೈಹಾಕಬಾರದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಕಾಲೇಜಿಗೆ ಫೋನು ಮಾಡಿ, "ನಿಮ್ಮ ಹಳೇ ವಿದ್ಯಾರ್ಥಿ ಈಗ ಎಲ್ಲಿದ್ದಾನೆ, ಮದುವೆ ಯಾವ ಊರಿಗೆ ಆಗಿದೆ" ಎಂದು ಕೇಳುವವರಿಗೆ ನಮ್ಮ ಕಚೇರಿ ಆಮೇಲಿನ ವರ್ಷಗಳಲ್ಲಿ ಕೊಡುತ್ತಿದ್ದ ಉತ್ತರ ಒಂದೇ: ಬರವಣಿಗೆಯಲ್ಲಿ ಕೇಳಿರಿ. ಬರವಣಿಗೆಯಲ್ಲಿ ಕೇಳಿದವರು ಬಹಳ ಕಡಿಮೆ. ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ಆ ಘಟನೆಯ ಮರುವರ್ಷ ಪ್ರಾಚಾರ್ಯರ ಒಪ್ಪಿಗೆ ಪಡೆದು ನಾನು ಎರಡು ಬದಲಾವಣೆ ಮಾಡಿದೆ. ಪ್ರವೇಶದ ಅರ್ಜಿಯ ಕೊನೆಯಲ್ಲಿ, ಈ ಮಾಹಿತಿಯನ್ನು ಕಾಲೇಜಿನ ಕೆಲಸಕ್ಕೆ ಹಾಗೂ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಮಾತ್ರ ಬಳಸಲಾಗುವುದು ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿದೆವು. ಯಾರ ಮಾಹಿತಿ, ಯಾರ ಪತ್ರದ ಮೇಲೆ, ಯಾವ ದಿನ ಹೊರಗೆ ಹೋಯಿತು ಎಂದು ಬರೆಯಲು ಜಾವಕ ವಹಿಯಲ್ಲಿ ಬೇರೆ ಪುಟಗಳನ್ನು ತೆಗೆದಿಟ್ಟೆವು. ಗುಳೇದಗುಡ್ಡದ ಆ ತಂದೆ ಜೂನ್ ತಿಂಗಳಲ್ಲಿ ಎರಡನೆಯ ಮಗಳನ್ನು ಕರೆದುಕೊಂಡು ಅದೇ ಕಿಟಕಿಗೆ ಬಂದರು. ಫೋನಿನ ನಂಬರನ್ನು ಬದಲಿಸಿದ್ದರು. ಅರ್ಜಿಯ ಕೊನೆಯ ಸಾಲುಗಳನ್ನು ಮಗಳಿಂದ ಎರಡು ಸಲ ಓದಿಸಿ ಕೇಳಿ, ಹೊಸ ನಂಬರನ್ನು ಹೇಳಿ, "ಇದನ್ನ ಯಾರಿಗೂ ಕೊಡಬ್ಯಾಡ್ರಿ ಸರ್ರ" ಎಂದರು. ಪ್ರವೇಶ ವಹಿಯಲ್ಲಿ ಆ ನಂಬರಿನ ಪಕ್ಕದಲ್ಲಿ ನಾನು ಕೆಂಪು ಶಾಯಿಯಲ್ಲಿ ಅದನ್ನು ಅವರ ಮುಂದೆಯೇ ಬರೆದೆ. ಅವರು ಬಗ್ಗಿ ನೋಡಿ, ಕೆಳಗೆ ತಮ್ಮ ಸಹಿ ಹಾಕಿದರು.