ಮಳೆಗಾಲದ ಕಾಳಿ: ಗಣೇಶಗುಡಿಯಲ್ಲಿ ಎರಡು ದಿನ

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾನೂ ನನ್ನ ತಮ್ಮನೂ ಧಾರವಾಡದಿಂದ ದಾಂಡೇಲಿಗೆ ಹೊರಟಾಗ ಬರಿಯ ತುಂತುರು ಇತ್ತು. ಹಳಿಯಾಳ ದಾಟಿ ರಸ್ತೆ ಕಾಡನ್ನು ಹೊಕ್ಕ ಮೇಲೆ ಅದೇ ತುಂತುರು ಜಡಿಮಳೆಯಾಯಿತು. ದಾರಿಯ ಇಕ್ಕೆಲಗಳಲ್ಲಿ ಸಾಗವಾನಿ ಮರಗಳು ಹೂಬಿಟ್ಟಿದ್ದವು. ಬೇರೆ ಮರಗಳು ಬೇಸಿಗೆಯಲ್ಲಿ ಹೂ ಮುಗಿಸಿ ಕುಳಿತಿರುವಾಗ ಸಾಗವಾನಿ ಮಾತ್ರ ಮಳೆಯಲ್ಲೇ ನೆತ್ತಿಯ ತುಂಬ ಬಿಳಿಯ ಗೊಂಚಲುಗಳನ್ನು ಹೊತ್ತು ನಿಲ್ಲುತ್ತದೆ. ಚಹಾಕ್ಕೆ ನಿಂತಲ್ಲಿ ತಮ್ಮ ಒಂದು ಎಳೆಯ ಎಲೆಯನ್ನು ಕಿತ್ತು ಅಂಗೈಯಲ್ಲಿ ಉಜ್ಜಿದ. ಕುಂಕುಮ ಕಲಸಿದಂತೆ ಕೈಯೆಲ್ಲ ಕೆಂಪಾಯಿತು.

ನಾವು ಹೊರಟದ್ದು ಕಾಳಿ ನದಿಯಲ್ಲಿ ರಾಫ್ಟಿಂಗ್‌ಗಾಗಿ. ಫೋನಿನಲ್ಲಿ ಮಾತನಾಡಿದ ಏಜೆಂಟರೊಬ್ಬರು ಮಳೆಗಾಲದಲ್ಲಿಯೂ ದೋಣಿ ಇಳಿಸುತ್ತಾರೆಂದು ಭರವಸೆ ಕೊಟ್ಟು ಮುಂಗಡ ಪಡೆದಿದ್ದರು. ಗಣೇಶಗುಡಿ ತಲುಪಿದಾಗ ದಡದ ಮೇಲೆ ರಬ್ಬರ್ ದೋಣಿಗಳು ತಾಡಪತ್ರಿಯಡಿ ಬೋರಲಾಗಿ ಬಿದ್ದಿದ್ದವು, ಹಗ್ಗಗಳಿಗೆ ಪಾಚಿ ಹಿಡಿದಿತ್ತು. ನಾವು ಉಳಿದುಕೊಂಡ ಮನೆಯ ಯಜಮಾನರು ನಮ್ಮ ಚೀಲಗಳನ್ನು ಜಗಲಿಗೆ ಎತ್ತಿಡುತ್ತ, "ಈಗ ನದೀಗೆ ಇಳಿಯೂದು ಬ್ಯಾಡ್ರಿ ಅಕ್ಕಾರ, ದೀಪಾವಳಿ ಮುಗಿಸಿ ಬರ್ರಿ" ಎಂದರು. ಅವರ ಮಾತಿನಲ್ಲಿ ವ್ಯಾಪಾರದ ಲೆಕ್ಕ ಇರಲಿಲ್ಲ. ನಾವು ಮತ್ತೆ ಬರದಿದ್ದರೆ ನಷ್ಟ ಅವರಿಗೇ.

ಕಾಳಿಯ ಸ್ವಭಾವವನ್ನು ತಿಳಿದುಕೊಂಡರೆ ಈ ನಿಷ್ಠುರದ ಕಾರಣ ಅರ್ಥವಾಗುತ್ತದೆ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ ಸುಮಾರು 184 ಕಿ.ಮೀ. ಹರಿದು ಕಾರವಾರದ ಸದಾಶಿವಗಡದಲ್ಲಿ ಸಮುದ್ರ ಸೇರುವ ಈ ನದಿಯನ್ನು ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ತಡೆದು ನಿಲ್ಲಿಸಿದೆ. ಬೇಸಿಗೆಯಲ್ಲಿ ಪ್ರವಾಸಿಗರು ಕೂಗಾಡುತ್ತ ಹಾದುಹೋಗುವ ನೊರೆನೀರು, ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ ತಿರುಗಣೆ ತಿರುಗಿಸಿ ಹೊರಬಂದ ನೀರು. ಅಂದರೆ ಅದು ಅಳೆದು ಬಿಟ್ಟ ನದಿ. ಮಳೆಗಾಲದಲ್ಲಿ ಈ ಅಳತೆ ಕೆಡುತ್ತದೆ; ಅಣೆಕಟ್ಟಿನ ಕೆಳಗೆ ಸೇರುವ ಪ್ರತಿಯೊಂದು ಹಳ್ಳವೂ ತನ್ನಿಷ್ಟದಂತೆ ಉಕ್ಕುತ್ತದೆ, ಮುರಿದ ಕೊಂಬೆಗಳನ್ನೂ ಬಿದಿರುಮೆಳೆಗಳನ್ನೂ ಹೊತ್ತು ತರುತ್ತದೆ. ಬಂಡೆಗಳು ನೀರಿನಡಿ ಕಣ್ಮರೆಯಾದಾಗ ಪಳಗಿದ ಅಂಬಿಗನಿಗೂ ದಾರಿ ಸಿಗುವುದಿಲ್ಲ. ಮುಂಗಡ ಕೊಡುವ ಮೊದಲು ಇದನ್ನು ನಾವೇ ಯೋಚಿಸಬೇಕಿತ್ತು.

ಅಳೆಯದ ನೀರು ಹೇಗಿರುತ್ತದೆಂದು ಮಧ್ಯಾಹ್ನ ಸಿಂಥೇರಿಯಲ್ಲಿ ಕಂಡೆವು. ಗುಂದದ ಕಾಡಿನೊಳಗೆ ಸುಮಾರು 300 ಅಡಿ ಎತ್ತರದ ಏಕಶಿಲೆಯ ಬುಡವನ್ನು ಕಾಳಿಯ ಉಪನದಿ ಕಾನೇರಿ ಕೊರೆಯುತ್ತ ಹರಿಯುತ್ತದೆ. ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತಿದ್ದುದರಿಂದ ಅರ್ಧಕ್ಕೇ ನಿಂತೆವು. ಕೆಳಗೆ ಕಾನೇರಿ ಕೆಮ್ಮಣ್ಣು ಕದಡಿದ ಬಣ್ಣದಲ್ಲಿ ಬಂಡೆಗೆ ಅಪ್ಪಳಿಸುತ್ತಿತ್ತು, ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ನಾವು ಒಬ್ಬರಿಗೊಬ್ಬರು ಹೇಳಿದ್ದು ಒಂದೂ ಕೇಳಿಸಲಿಲ್ಲ. ಮರಳಿ ರಸ್ತೆಗೆ ಬಂದು ಪ್ಯಾಂಟು ಮಡಚಿದಾಗ ತಮ್ಮನ ಕಾಲಿನಲ್ಲಿ ಆರು ಉಂಬಳಗಳಿದ್ದವು. ಚಾಲಕರು ಸುಣ್ಣ ಹಚ್ಚಿದ ತಂಬಾಕನ್ನು ಒತ್ತಿದರು. ಒಂದೊಂದಾಗಿ ಸುರುಟಿಕೊಂಡು ಉದುರಿದವು, ರಕ್ತ ಮಾತ್ರ ಸಂಜೆಯವರೆಗೂ ಜಿನುಗಿತು.

ರಾತ್ರಿ ಊಟಕ್ಕೆ ಕೆಸುವಿನೆಲೆಯ ಪತ್ರೊಡೆ ಮತ್ತು ಕುಚ್ಚಲಕ್ಕಿ ಗಂಜಿ. ಯಜಮಾನರ ತಾಯಿ ಒಲೆಯ ಮುಂದೆ ಕುಳಿತು ಹಳೆಯ ಸೂಪಾದ ಮಾತು ತೆಗೆದರು. ಕಾಳಿ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಆ ತಾಲ್ಲೂಕು ಕೇಂದ್ರ 1980ರ ದಶಕದಲ್ಲಿ ಜಲಾಶಯದ ಪಾಲಾಯಿತು, ಅನೇಕ ಕುಟುಂಬಗಳು ರಾಮನಗರಕ್ಕೆ ಹೋಗಿ ನೆಲೆಸಬೇಕಾಯಿತು. ಸಂತೆಯ ದಿನ ತಾವು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಜಾಗವನ್ನು ಆಕೆ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಸಾಹಸ ಕ್ರೀಡೆಯ ಜಾಹೀರಾತುಗಳಲ್ಲಿ ಈ ಊರಿನ ಹೆಸರು ಬರುವುದಿಲ್ಲವೆಂಬುದು ನನಗೆ ನೋವಿನ ಸಂಗತಿ.

ಭಾನುವಾರ ಬೆಳಗಿನ ಹೊತ್ತು ಮಳೆ ಅರ್ಧ ಗಂಟೆ ಬಿಡುವು ಕೊಟ್ಟಿತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಈ ಕಾಡುಗಳಲ್ಲಿ ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳಿವೆ. ಹುಲಿಗಾಗಿ ಬಂದವರಿಗೆ ನಿರಾಸೆಯಾಗಬಹುದು, ಮಂಗಟ್ಟೆಗಾಗಿ ಬಂದವರಿಗೆ ಆಗುವುದು ಅಪರೂಪ. ಮೊದಲು ಕೇಳಿದ್ದು ಗಾಳಿಯನ್ನು ಗರಗಸದಿಂದ ಕೊಯ್ದಂಥ ರೆಕ್ಕೆಯ ಸದ್ದು. ತಲೆ ಎತ್ತುವಷ್ಟರಲ್ಲಿ ಒಂದು ಜೋಡಿ ದೊಡ್ಡ ಮಂಗಟ್ಟೆಗಳು ಹಳದಿ ಕೊಕ್ಕುಗಳನ್ನು ಮುಂದೆ ಚಾಚಿಕೊಂಡು ನದಿಯನ್ನು ದಾಟಿ ಆಚೆ ದಡದ ಆಲದ ಮರಕ್ಕೆ ಹೋಗಿ ಇಳಿದವು.

ಹೊರಡುವ ಮುನ್ನ ಕೊನೆಯದಾಗಿ ದಡಕ್ಕೆ ಹೋದೆವು. ಮೇಲಿನಿಂದ ಬರುವ ಕಾಳಿಯ ನೀರು, ಮಣ್ಣನ್ನೆಲ್ಲ ಜಲಾಶಯದಲ್ಲೇ ಬಿಟ್ಟು ಬಂದುದರಿಂದ, ಆ ಮಳೆಯಲ್ಲೂ ಕಡುಹಸಿರಾಗಿತ್ತು. ನಮ್ಮ ಕಾಲಬುಡದಲ್ಲಿ ಹೆಸರಿಲ್ಲದ ಒಂದು ಹಳ್ಳ ಕೆಂಪು ನೀರನ್ನು ತಂದು ಸುರಿಯುತ್ತಿತ್ತು. ಆ ಕೆಂಪು ಪಟ್ಟಿ ದಡಕ್ಕೆ ಅಂಟಿಕೊಂಡೇ, ಹಸಿರಿನೊಂದಿಗೆ ಬೆರೆಯದೆ, ಮುಂದಿನ ತಿರುವಿನವರೆಗೂ ಬೇರೆಯಾಗಿಯೇ ಹರಿಯಿತು.