ಹುಟ್ಟುಹಬ್ಬ ಅಂದರೆ ಸೂರ್ಯನಿಗೆ ಇನ್ನೊಂದು ಸುತ್ತು: ಮಕ್ಕಳ ಪಾರ್ಟಿ ಕೆಲಸ ಕಲಿಸಿದ್ದು

ಮಕ್ಕಳ ಹುಟ್ಟುಹಬ್ಬದ ಪಾರ್ಟಿ ಮಾಡಿಸಿಕೊಡುವುದು ನನ್ನ ಕೆಲಸ. ಬಾಹ್ಯಾಕಾಶದ ಥೀಮ್ ಬೇಕು ಎಂದು ಬರುವವರು ತುಂಬಾ ಜನ. ಬರುವಾಗಲೇ ಅವರ ಫೋನಿನಲ್ಲಿ ಒಂದಿಷ್ಟು ಫೋಟೊ ಇರುತ್ತವೆ. ಕಪ್ಪು ಪರದೆ, ಬೆಳ್ಳಿ ಬಣ್ಣದ ಬಲೂನು, ರಾಕೆಟ್ ಆಕಾರದ ಕೇಕ್. "ಇದೇ ಥರ ಮಾಡಿಕೊಡಿ" ಅನ್ನುತ್ತಾರೆ. ಮಾಡಬಹುದು, ಕಷ್ಟವೇನಿಲ್ಲ. ಆದರೆ ನಾನು ಮೊದಲು ಕೇಳುವುದು ಬೇರೆ: ಮಗುವಿಗೆ ಎಷ್ಟು ವರ್ಷ ತುಂಬುತ್ತದೆ?

ಬೇರೆ ಥೀಮುಗಳಿಗೂ ಹುಟ್ಟುಹಬ್ಬಕ್ಕೂ ಸಂಬಂಧ ಇರುವುದಿಲ್ಲ. ಡೈನೊಸಾರ್ ಆಗಲಿ, ಸಮುದ್ರ ಆಗಲಿ, ನಾವೇ ತಂದು ಅಂಟಿಸಿದ್ದು. ಬಾಹ್ಯಾಕಾಶ ಹಾಗಲ್ಲ. ವರ್ಷ ತುಂಬುವುದು ಅಂದರೇನೇ ಭೂಮಿ ಸೂರ್ಯನಿಗೆ ಒಂದು ಸುತ್ತು ಬರುವುದು. ಆ ಒಂದು ಸುತ್ತು ಸುಮಾರು 94 ಕೋಟಿ ಕಿಲೋಮೀಟರ್. ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡುತ್ತಲೇ ಇದೆ, ನಾವೆಲ್ಲ ಅದರ ಮೇಲೆ ಕೂತಿದ್ದೇವೆ. ಐದು ವರ್ಷ ತುಂಬಿದ ಮಗು ಆಗಲೇ 470 ಕೋಟಿ ಕಿ.ಮೀ. ಪ್ರಯಾಣ ಮಾಡಿ ಬಂದಿದೆ. ಎಲ್ಲಕ್ಕಿಂತ ದೂರದ ಗ್ರಹ ನೆಪ್ಚೂನ್ ಸೂರ್ಯನಿಂದ ಇರುವುದು ಸುಮಾರು 450 ಕೋಟಿ ಕಿ.ಮೀ. ಅಂದರೆ ನಿಮ್ಮ ಮನೆಯ ಐದು ವರ್ಷದ ಮಗು ಸೂರ್ಯನಿಂದ ನೆಪ್ಚೂನ್‌ಗೆ ಹೋಗುವುದಕ್ಕಿಂತ ಜಾಸ್ತಿ ದೂರ ಸುತ್ತಾಡಿದೆ! ಇಷ್ಟು ಹೇಳಿದ ಮೇಲೆ ಅಪ್ಪ ಅಮ್ಮ ಫೋನನ್ನು ಪಕ್ಕಕ್ಕಿಟ್ಟು ಮಾತಿಗೆ ಕೂರುತ್ತಾರೆ.

ನಾನು ಈ ಥೀಮಿನ ಪಾರ್ಟಿಯನ್ನು ಕಟ್ಟುವುದೇ ಆ ಸುತ್ತಿನ ಸುತ್ತ. ಉಳಿದದ್ದೆಲ್ಲ ಆಮೇಲೆ.

ಮಾಡುವ ಕ್ರಮ ಹೀಗೆ. ಹಾಲ್‌ನ ನಡುವೆ ನೆಲದ ಮೇಲೆ ಒಂದು ದೀಪ. ಬಿಸಿಯಾಗದ ಎಲ್ಇಡಿ ಬಲ್ಬ್ ಇರುವ, ಸುಲಭಕ್ಕೆ ಉರುಳದ ದೀಪ ಬೇಕು. ಮೇಣದ ಬತ್ತಿ ಬೇಡ, ಮಕ್ಕಳ ಬಟ್ಟೆ ಅದರ ಹತ್ತಿರ ಸುಳಿದಾಡುತ್ತದೆ. ವೈರನ್ನು ಟೇಪ್ ಹಾಕಿ ನೆಲಕ್ಕೆ ಅಂಟಿಸಿಬಿಡಬೇಕು. ದೀಪದ ಸುತ್ತ ಹಗ್ಗದಿಂದ ಒಂದು ದೊಡ್ಡ ವೃತ್ತ, ವೃತ್ತದ ಮೇಲೆ ಹನ್ನೆರಡು ತಿಂಗಳ ಹೆಸರಿನ ಕಾರ್ಡ್. ಹುಟ್ಟುಹಬ್ಬದ ಮಗು ತನ್ನ ತಿಂಗಳ ಕಾರ್ಡಿನ ಹತ್ತಿರ ನಿಲ್ಲುತ್ತದೆ. ಕೈಯಲ್ಲಿ ಭೂಮಿಯ ಚಿತ್ರ ಇರುವ ಚೆಂಡು ಅಥವಾ ಸಣ್ಣ ಗೋಳ. ದೀಪ ತನ್ನ ಎಡಗೈ ಕಡೆಗೆ ಇರುವ ಹಾಗೆ ನಡೆಯಬೇಕು, ಏಕೆಂದರೆ ಉತ್ತರ ಧ್ರುವದ ಮೇಲಿಂದ ನೋಡಿದರೆ ಭೂಮಿ ಸುತ್ತುವುದು ಆ ದಿಕ್ಕಿಗೇ. ಒಂದು ಸುತ್ತು ಮುಗಿದರೆ ಒಂದು ವರ್ಷ. ಪ್ರತಿ ಸುತ್ತಿನ ಕೊನೆಗೆ ಮನೆಯವರು ಯಾರಾದರೂ ಆ ವರ್ಷದ ಒಂದೇ ಒಂದು ಮಾತು ಹೇಳುತ್ತಾರೆ. "ಮೊದಲನೇ ಸುತ್ತಿನಲ್ಲಿ ನಿನಗೆ ಎರಡು ಹಲ್ಲು ಬಂತು." "ಮೂರನೇ ಸುತ್ತಿನಲ್ಲಿ ನೀನು ಒಬ್ಬಳೇ ಮೆಟ್ಟಿಲು ಇಳಿದೆ."

ಇದು ನಾನು ಕಂಡುಹಿಡಿದದ್ದಲ್ಲ. ಮಾಂಟೆಸ್ಸರಿ ಶಾಲೆಗಳಲ್ಲಿ ಹುಟ್ಟುಹಬ್ಬಕ್ಕೆ ಹೀಗೆ ಸೂರ್ಯನಿಗೆ ಸುತ್ತು ಹಾಕಿಸುವ ರೂಢಿ ಬಹಳ ಕಾಲದಿಂದ ಇದೆ. ಆದರೆ ಪಾರ್ಟಿಯಲ್ಲಿ ಮಾಡಿಸುವಾಗ ಒಂದು ವಿಷಯ ಗಮನದಲ್ಲಿರಬೇಕು. ಹುಟ್ಟುಹಬ್ಬದ ಮಗು ಮಾತ್ರ ನಡೆಯುತ್ತಾ ಉಳಿದ ಮಕ್ಕಳು ಸುಮ್ನೆ ಕೂತು ನೋಡಬೇಕು ಅಂದರೆ, ಎರಡನೇ ಸುತ್ತಿಗೇ ಗಲಾಟೆ ಶುರು. ಅದಕ್ಕೆ ಎಲ್ಲರನ್ನೂ ವೃತ್ತದ ಹೊರಗೆ ತಿಂಗಳ ಕಾರ್ಡುಗಳ ಹತ್ತಿರ ಕೂರಿಸುತ್ತೇನೆ. ಭೂಮಿ ತಮ್ಮ ಮುಂದೆ ಬಂದಾಗ ಅವರು ತಮ್ಮ ತಿಂಗಳ ಹೆಸರನ್ನು ಕೂಗಬೇಕು. ಓದಲು ಬಾರದ ಮಕ್ಕಳಿಗೆ ಮೊದಲೇ ಕಿವಿಯಲ್ಲಿ ಹೇಳಿಕೊಟ್ಟಿರುತ್ತೇವೆ. ಕೊನೆಗೆ ಎಲ್ಲರೂ ಸಾಲಾಗಿ ಒಂದು ಸುತ್ತು. ಅಷ್ಟಾದರೆ ಯಾರಿಗೂ ತಮ್ಮನ್ನು ಬಿಟ್ಟರು ಅನ್ನಿಸುವುದಿಲ್ಲ.

ಈ ಸುತ್ತು ಮುಗಿದ ಮೇಲೆ ಪ್ರಶ್ನೆಗಳು ಬರುತ್ತವೆ. ನನಗೆ ಇಡೀ ಪಾರ್ಟಿಯಲ್ಲಿ ಅತಿ ಇಷ್ಟದ ಹೊತ್ತು ಅದು. "ಮಂಗಳ ಗ್ರಹದಲ್ಲಿ ಇದ್ದಿದ್ದರೆ ನನಗೆ ಎಷ್ಟು ವರ್ಷ?" ಮಂಗಳ ಒಂದು ಸುತ್ತು ಬರಲು ನಮ್ಮ ಲೆಕ್ಕದಲ್ಲಿ 687 ದಿನ ಬೇಕು. ಇಲ್ಲಿ ಐದು ತುಂಬಿದವರಿಗೆ ಅಲ್ಲಿ ಎರಡೂವರೆ ದಾಟಿರುತ್ತದೆ, ಮೂರು ತುಂಬಿರುವುದಿಲ್ಲ. ಬುಧನಿಗೆ 88 ದಿನ ಸಾಕು, ಹಾಗಾಗಿ ಅದೇ ಮಗುವಿಗೆ ಅಲ್ಲಿ ಇಪ್ಪತ್ತು ತುಂಬಿ ಇಪ್ಪತ್ತೊಂದು ಹತ್ತಿರ. ಗುರುಗ್ರಹದಲ್ಲಿ ಇನ್ನೂ ಮೊದಲ ಹುಟ್ಟುಹಬ್ಬವೇ ಬಂದಿಲ್ಲ, ಅದಕ್ಕೆ ಸುಮಾರು 12 ವರ್ಷ ಕಾಯಬೇಕು. ನೆಪ್ಚೂನ್‌ಗೆ ಸುಮಾರು 165 ವರ್ಷ. 1846ರಲ್ಲಿ ಅದನ್ನು ಕಂಡುಹಿಡಿದ ಮೇಲೆ ಅದು ಮೊದಲ ಸುತ್ತು ಮುಗಿಸಿದ್ದೇ 2011ರಲ್ಲಿ. "ಚಂದ್ರನ ಮೇಲೆ?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಚಂದ್ರ ನಮ್ಮ ಜೊತೆಗೇ ಸೂರ್ಯನಿಗೆ ಸುತ್ತು ಬರುವುದಲ್ವಾ, ಅಲ್ಲೂ ವಯಸ್ಸು ಅಷ್ಟೇ. ಈ ಉತ್ತರ ಕೇಳಿ ಮಕ್ಕಳು ಸ್ವಲ್ಪ ಹೊತ್ತು ಯೋಚನೆಗೆ ಬೀಳುತ್ತಾರೆ.

ಐದು ವರ್ಷದ ಮಕ್ಕಳಿಗೆ ಗ್ರಹಗಳ ವಿಷಯ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅದಕ್ಕೇ ರೆಡಿಮೇಡ್ ಡೆಕೊರೇಷನ್ ತರುವಾಗ ಕಣ್ಣಿಟ್ಟು ನೋಡಬೇಕು. ಒಂಬತ್ತು ಗ್ರಹಗಳ ಬ್ಯಾನರ್ ಈಗಲೂ ಸಿಗುತ್ತದೆ. ಪ್ಲೂಟೊವನ್ನು 2006ರಲ್ಲೇ ಕುಬ್ಜ ಗ್ರಹ ಎಂದು ಬೇರೆ ಮಾಡಿದರು, ಈಗ ಇರುವುದು ಎಂಟೇ ಗ್ರಹ. ಚಂದ್ರನ ಬಿಲ್ಲಿನ ಒಳಗೆ ನಕ್ಷತ್ರ ಬರೆದ ಪೋಸ್ಟರ್ ಎಷ್ಟೋ ಇವೆ. ಬಿಲ್ಲಿನಂತೆ ಕಾಣುವಾಗಲೂ ಚಂದ್ರ ಇಡಿಯಾಗಿಯೇ ಇರುತ್ತದೆ, ಬೆಳಕು ಬೀಳದ ಭಾಗ ಕತ್ತಲಲ್ಲಿದೆ ಅಷ್ಟೇ. ಅದರ ಮುಂದೆ ನಕ್ಷತ್ರ ಕಾಣಲು ಸಾಧ್ಯವಿಲ್ಲ. ಮಗು ಬೆರಳು ತೋರಿಸಿ "ಇದು ತಪ್ಪು" ಅಂದರೆ ಆ ಮಗು ಹೇಳಿದ್ದೇ ಸರಿ. ಸಿಂಗಾರಕ್ಕೆ ಅಂತ ಸುಳ್ಳು ತೂಗುಹಾಕುವುದು ನನಗೆ ಒಪ್ಪಿಗೆಯಿಲ್ಲ. ಬ್ಯಾನರ್ ಕಡಿಮೆಯಾದರೂ ಪರವಾಗಿಲ್ಲ, ಇರುವುದು ನಿಜ ಇರಲಿ.

ಸಮಯದ ಮಾತು. ನಾಲ್ಕೈದು ವರ್ಷದವರಿಗೆ ಒಂದೂವರೆ ಗಂಟೆ ಸಾಕು. ಮೂರು ಗಂಟೆ ಇಟ್ಟುಕೊಂಡರೆ ಕೊನೆಯ ಗಂಟೆ ಅಳುವಿನಲ್ಲೇ ಹೋಗುತ್ತದೆ. ಪೋಷಕರು ಹಿಂಜರಿದಾಗ ನಾನು ಹೇಳುವುದು ಇದು: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ ಭೂಮಿಗೆ ಒಂದು ಸುತ್ತು ಬರಲು ತೆಗೆದುಕೊಳ್ಳುವುದು ಸುಮಾರು 90 ನಿಮಿಷ. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಹಾರಿ, ಭೂಮಿಯನ್ನು ಸುತ್ತಿ, ಇಳಿದು ಬಂದದ್ದು 108 ನಿಮಿಷದಲ್ಲಿ. ನಮ್ಮ ಪಾರ್ಟಿಯೂ ಒಂದು ಸುತ್ತಿನದ್ದು. ಆಹ್ವಾನ ಪತ್ರದಲ್ಲೇ "ಹಾರುವ ಸಮಯ", "ಇಳಿಯುವ ಸಮಯ" ಎಂದು ಬರೆದುಬಿಟ್ಟರೆ ಕರೆದುಕೊಂಡು ಹೋಗುವವರು ಸರಿಯಾದ ಹೊತ್ತಿಗೆ ಬರುತ್ತಾರೆ.

ಆ ಹೊತ್ತಿನಲ್ಲಿ ಕೈಕೆಲಸ ಒಂದೇ ಇರಲಿ. ನಾನು ಸ್ಟ್ರಾ ರಾಕೆಟ್ ಆರಿಸುತ್ತೇನೆ. ಸ್ಟ್ರಾಗಿಂತ ಸ್ವಲ್ಪ ದಪ್ಪ ಇರುವ ಪೆನ್ಸಿಲ್‌ಗೆ ಕಾಗದದ ಪಟ್ಟಿ ಸುತ್ತಿ ಟೇಪ್ ಹಾಕಬೇಕು. ಪೆನ್ಸಿಲ್ ತೆಗೆದು ಒಂದು ತುದಿಯನ್ನು ಮಡಚಿ ಮುಚ್ಚಬೇಕು. ಬುಡದಲ್ಲಿ ಎರಡು ರೆಕ್ಕೆ. ಸ್ಟ್ರಾಗೆ ಸಿಕ್ಕಿಸಿ ಊದಿದರೆ ಗಾಳಿಗೆ ಮುಂದೆ ದಾರಿಯಿಲ್ಲದೆ ಕಾಗದವನ್ನೇ ತಳ್ಳಿಕೊಂಡು ಹೋಗುತ್ತದೆ. ಒಬ್ಬರ ಸ್ಟ್ರಾ ಇನ್ನೊಬ್ಬರ ಬಾಯಿಗೆ ಹೋಗದಂತೆ ಪ್ರತಿಯೊಂದಕ್ಕೂ ಹೆಸರು ಅಂಟಿಸಿ. ಎಲ್ಲರೂ ಒಂದೇ ಸಾಲಿನಲ್ಲಿ, ಒಂದೇ ಗೋಡೆಯ ಕಡೆ ಮುಖ. ಎಲ್ಲರ ರಾಕೆಟ್ ಇಳಿದ ಮೇಲಷ್ಟೇ ಹೆಕ್ಕಲು ಓಡಬೇಕು, ಇಲ್ಲದಿದ್ದರೆ ಯಾರದಾದರೂ ಕಣ್ಣಿಗೆ ತಾಗುತ್ತದೆ. ಇನ್ನೂ ಚಿಕ್ಕವರಿಗೆ ಊದುವುದು ಕಷ್ಟವಾಗಬಹುದು. ಅವರಿಗೆ ಮೆತ್ತನೆಯ ಖಾಲಿ ಬಾಟಲಿಯ ಬಾಯಿಗೆ ಸ್ಟ್ರಾ ಅಂಟಿಸಿಕೊಡಿ. ಹಿಚುಕಿದರೆ ಹಾರುತ್ತದೆ.

ಹಾರಿಸುವ ಮುಂಚೆ ಕ್ಷಣಗಣನೆ. ಹತ್ತರಿಂದ ಹಿಂದಕ್ಕೆ ಎಣಿಸುವುದು ನಾಲ್ಕು ವರ್ಷದವರಿಗೆ ಕಷ್ಟ, ಐದರಿಂದ ಶುರು ಮಾಡಿದರೆ ಎಲ್ಲರ ದನಿಯೂ ಸೇರುತ್ತದೆ. ಇದು ಆಟಕ್ಕೆ ಮಾತ್ರವಲ್ಲ, ಮಕ್ಕಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕರೆದೊಯ್ಯುವಾಗಲೂ ಕೆಲಸಕ್ಕೆ ಬರುತ್ತದೆ. ಕೂಗಿ ಕರೆಯುವುದು ಬೇಡವೇ ಬೇಡ. "ಐದು, ನಾಲ್ಕು..." ಅಂದರೆ ಮುಗಿಯಿತು. ಸದ್ದು ಅಡಗಿಸಬೇಕಾದಾಗ ಇನ್ನೊಂದು ಉಪಾಯ ಇದೆ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಗಾಳಿಯಿಲ್ಲದೆ ಸದ್ದು ಸಾಗುವುದಿಲ್ಲ, ಆದ್ದರಿಂದ ಕೇಕ್ ಇರುವ ಟೇಬಲ್‌ವರೆಗೆ ಕೈಸನ್ನೆಯಲ್ಲೇ ಮಾತಾಡಬೇಕು. ಮಕ್ಕಳು ಇದನ್ನು ತುಂಬಾ ಶ್ರದ್ಧೆಯಿಂದ ಮಾಡುತ್ತಾರೆ.

ಎಲ್ಲ ಪಾರ್ಟಿಯಲ್ಲೂ ಆಟಕ್ಕೆ ಬಾರದ ಒಂದೆರಡು ಮಕ್ಕಳು ಇರುತ್ತಾರೆ. ಕೆಲವರಿಗೆ ಗಲಾಟೆ ಆಗದು, ಕೆಲವರಿಗೆ ಹೊಸ ಜನ ಅಂದರೆ ಮುದುಡುವ ಸ್ವಭಾವ. ಅವರನ್ನು ಕೈಹಿಡಿದು ಎಳೆದು ತರುವುದನ್ನು ನಾನು ಯಾರಿಗೂ ಬಿಡುವುದಿಲ್ಲ. ಹಾಲ್‌ನ ಒಂದು ಮೂಲೆಯಲ್ಲಿ ಮೇಜು, ರಟ್ಟಿನ ಮೇಲೆ ಬರೆದ ಬಟನ್‌ಗಳು, ಒಂದು ಆಟಿಕೆ ಫೋನ್ ಇಟ್ಟು ಅದಕ್ಕೆ ನಿಯಂತ್ರಣ ಕೊಠಡಿ ಎಂದು ಹೆಸರಿಡುತ್ತೇನೆ. ಅಲ್ಲಿ ಕೂತವರು ಹೇಳಿದಾಗಲೇ ರಾಕೆಟ್ ಹಾರಬೇಕು. ಇದು ಸಮಾಧಾನಕ್ಕೆ ಕೊಡುವ ಕೆಲಸ ಅಲ್ಲ, ನಿಜವಾದ ಯಾನಗಳಲ್ಲೂ ಮೇಲೆ ಹೋಗುವವರಿಗಿಂತ ಕೆಳಗೆ ಕೂತು ನಡೆಸುವವರೇ ಎಷ್ಟೋ ಪಾಲು ಜಾಸ್ತಿ. 1969ರ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ನಡೆದಾಗ ಮೈಕೆಲ್ ಕಾಲಿನ್ಸ್ ಒಬ್ಬರೇ ಮೇಲೆ ನೌಕೆಯಲ್ಲಿ ಚಂದ್ರನನ್ನು ಸುತ್ತುತ್ತಾ ಇದ್ದರು. ಅವರು ಅಲ್ಲಿ ಇಲ್ಲದಿದ್ದರೆ ಇಳಿದವರು ಮನೆಗೆ ಬರುತ್ತಿರಲಿಲ್ಲ. ಮೂಲೆಯಲ್ಲಿ ಕೂತ ಮಗುವಿಗೆ ಈ ಕಥೆ ಹೇಳಿ. ಎಷ್ಟೋ ಸಲ ಆ ಮಗು ತಾನಾಗಿಯೇ ಎದ್ದು ಬರುತ್ತದೆ. ಬಾರದಿದ್ದರೂ ಕೊನೆಯವರೆಗೆ ತನ್ನ ಕೆಲಸ ಬಿಡುವುದಿಲ್ಲ.

ಕತ್ತಲಿನ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಹೊಳೆಯುವ ನಕ್ಷತ್ರದ ಸ್ಟಿಕರ್ ಚೆನ್ನ, ಅವಕ್ಕೆ ಮೊದಲು ಸ್ವಲ್ಪ ಹೊತ್ತು ಲೈಟ್ ತಾಗಿರಬೇಕು. ಆದರೆ ಬಾಗಿಲು ಮುಚ್ಚಿ ಒಮ್ಮೆಲೇ ಕತ್ತಲೆ ಮಾಡಬೇಡಿ. ಬಾಗಿಲು ಅರ್ಧ ತೆರೆದಿರಲಿ. ಸ್ವಿಚ್ ಒತ್ತುವ ಕೆಲಸ ಕತ್ತಲೆಗೆ ಹೆದರುವ ಮಗುವಿನದ್ದೇ ಆಗಲಿ. ಪಟಪಟ ಮಿನುಗುವ ಡಿಸ್ಕೊ ಲೈಟ್ ಬೇಡ, ಕೆಲವರಿಗೆ ಅದರಿಂದ ಫಿಟ್ಸ್ ಬರುವ ಅಪಾಯ ಇದೆ.

ನಾನು ಒಪ್ಪದ ಸಾಮಾನು ಇನ್ನೂ ಕೆಲವು ಇವೆ. ಹೊಗೆ ಬರಿಸಲು ಡ್ರೈ ಐಸ್ ಕೇಳುತ್ತಾರೆ. ಅದು ಮೈನಸ್ 78 ಡಿಗ್ರಿಯ ಇಂಗಾಲದ ಡೈಆಕ್ಸೈಡ್, ಮುಟ್ಟಿದರೆ ಚರ್ಮ ಸುಟ್ಟಂತಾಗುತ್ತದೆ, ಮುಚ್ಚಿದ ಕೋಣೆಯಲ್ಲಿ ಉಸಿರಿಗೂ ಕೆಟ್ಟದ್ದು. ಚಿಕ್ಕ ಮಕ್ಕಳಿರುವ ಕಡೆ ನಾನು ಅದನ್ನು ತರುವುದಿಲ್ಲ. ಒಡೆದ ರಬ್ಬರ್ ಬಲೂನಿನ ಚೂರು ಗಂಟಲಿಗೆ ಸಿಕ್ಕಿದರೆ ಉಸಿರೇ ನಿಲ್ಲಬಹುದು, ಒಡೆದ ತಕ್ಷಣ ಹೆಕ್ಕಲು ಒಬ್ಬ ದೊಡ್ಡವರನ್ನು ಅದಕ್ಕೆಂದೇ ನಿಲ್ಲಿಸಿ. ಸಣ್ಣ ಎಲ್ಇಡಿ ದೀಪಗಳಲ್ಲಿ ಬಟನ್ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿದರೆ ಗಂಟೆಗಳ ಒಳಗೆ ಅನ್ನನಾಳ ಸುಡುತ್ತದೆ, ಸ್ಕ್ರೂ ಹಾಕಿ ಮುಚ್ಚುವಂಥದ್ದನ್ನೇ ತನ್ನಿ. ಹೆಲ್ಮೆಟ್ ಮಾಡುವುದಾದರೆ ಮುಂದೆ ದೊಡ್ಡ ಕಿಂಡಿ ಕತ್ತರಿಸಿದ ರಟ್ಟಿನ ಡಬ್ಬ. ಪ್ಲಾಸ್ಟಿಕ್ ಚೀಲ ತಲೆಯ ಹತ್ತಿರವೂ ಬರಕೂಡದು.

ದೊಡ್ಡವರೂ ಬಂದು ನಿಲ್ಲುವ ಒಂದು ಆಟ ಇದೆ. 20 ಸೆಂ.ಮೀ. ಅಗಲದ ಚೆಂಡು ಭೂಮಿ, ಐದೂವರೆ ಸೆಂ.ಮೀ. ಚೆಂಡು ಚಂದ್ರ. ಎಷ್ಟು ದೂರ ಹಿಡಿಯಬೇಕು ಹೇಳಿ? ಎಲ್ಲರೂ ಎರಡು ಗೇಣು ದೂರದಲ್ಲಿ ಹಿಡಿಯುತ್ತಾರೆ, ಏಕೆಂದರೆ ಚಿತ್ರಗಳಲ್ಲಿ ಹಾಗೇ ಇರುತ್ತದೆ. ನಿಜಕ್ಕೂ ನಡುವಿನ ದೂರ ಸುಮಾರು 3,84,400 ಕಿ.ಮೀ., ಅಂದರೆ ಮೂವತ್ತು ಭೂಮಿಗಳನ್ನು ಸಾಲಾಗಿ ಇಟ್ಟಷ್ಟು. ಈ ಚೆಂಡುಗಳ ಲೆಕ್ಕದಲ್ಲಿ ಆರು ಮೀಟರ್. ಚಂದ್ರನನ್ನು ಹಿಡಿದ ಮಗು ಹಿಂದೆ ಹಿಂದೆ ಹೋಗುತ್ತಾ ಹಾಲ್‌ನ ಆಚೆ ಕೊನೆ ತಲುಪಿದಾಗ ಎಲ್ಲರ ಮುಖ ನೋಡಬೇಕು.

ಸಂಜೆ ಪಾರ್ಟಿ ಆದರೆ ನಿಜವಾದ ಚಂದ್ರನನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ದಿನ ಗೊತ್ತು ಮಾಡುವ ಮೊದಲು ತಿಥಿ ನೋಡುವುದು ನನ್ನ ರೂಢಿ. ಶುಕ್ಲಪಕ್ಷದ ಅಷ್ಟಮಿಯ ಆಸುಪಾಸು ತುಂಬಾ ಒಳ್ಳೆಯದು. ಅರ್ಧಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಆಕಾಶದಲ್ಲಿ ಎತ್ತರದಲ್ಲಿರುತ್ತದೆ. ಬೆಳಕು ಕತ್ತಲೆ ಸೇರುವ ಗೆರೆಯ ಹತ್ತಿರ ಕುಳಿಗಳ ನೆರಳು ಉದ್ದವಾಗಿ ಬಿದ್ದು ಬೈನಾಕ್ಯುಲರ್‌ನಲ್ಲೂ ಚೆನ್ನಾಗಿ ಕಾಣುತ್ತವೆ. ಹುಣ್ಣಿಮೆಯಂದು ಬೆಳಕು ನೇರವಾಗಿ ಬೀಳುವುದರಿಂದ ಕುಳಿಗಳು ಅಷ್ಟು ಎದ್ದು ಕಾಣುವುದಿಲ್ಲ. ಬೈನಾಕ್ಯುಲರ್ ಹೊರಗೆ ತೆಗೆಯುವುದು ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ. ಅದರಿಂದ ಸೂರ್ಯನನ್ನು ನೋಡಿದರೆ ಕಣ್ಣೇ ಹೋಗಬಹುದು.

ರಿಟರ್ನ್ ಗಿಫ್ಟ್‌ಗೆ ಪ್ಲಾಸ್ಟಿಕ್ ಆಟಿಕೆಗಿಂತ ಒಂದು ಕಾರ್ಡ್ ಚೆಂದ. ಪ್ರತಿ ಮಗುವಿನ ಹುಟ್ಟಿದ ದಿನಾಂಕವನ್ನು ಮೊದಲೇ ಕೇಳಿಟ್ಟುಕೊಂಡಿರಿ. ಅದಕ್ಕೆ 687 ದಿನ ಕೂಡಿಸುತ್ತಾ ಹೋದರೆ ಮುಂದಿನ ಮಂಗಳದ ಹುಟ್ಟುಹಬ್ಬ ಸಿಗುತ್ತದೆ, 88 ಕೂಡಿಸುತ್ತಾ ಹೋದರೆ ಬುಧನದ್ದು. ಎರಡನ್ನೂ ಕಾರ್ಡಿನ ಮೇಲೆ ಬರೆದುಕೊಡಿ. ಆದರೆ ಕೊಡುವಾಗ ಪೋಷಕರಿಗೂ ಹೇಳಿಬಿಡಿ: ಬುಧನ ಹುಟ್ಟುಹಬ್ಬ ಮೂರು ತಿಂಗಳೊಳಗೆ ಬಂದೇ ಬರುತ್ತದೆ, ಮಗು ಆ ತಾರೀಖನ್ನು ಮರೆಯುವುದಿಲ್ಲ.